ಬುಟ್ಟಿ ಎತ್ತುವವಳ ಹೊಟ್ಟೆಯಲ್ಲಿ ನಾಲ್ಕು ಕಾಳು ಅಕ್ಕಿ

ಹೊರಡುವ ಮೊದಲು, ಒಂದು ಗೋಡೆ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದ ಕಿಟಕಿಯಿಂದ ಕಥೆ ಶುರು ಮಾಡುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಅದನ್ನು ಮಿಂಗೇಲಿ ಮೌಶಿ ಹಿಡಿದುಕೊಂಡಳು. ಹಿಡಿದುಕೊಂಡವಳು ಅದರ ಮುಚ್ಚಳ ಎಳೆದು, ತಲೆ ತುಂಬ ಸೆರಗು ಹೊದ್ದು ಮಲಗಿಬಿಟ್ಟಳು. ಆದ್ದರಿಂದ ನಾನು ನಮ್ಮೂರಿನ ಒಂದು ಗೋಡೆಯಿಂದಲೇ ಶುರು ಮಾಡುತ್ತೇನೆ.

ಹಳಿಯಾಳ ಪೇಟೆ ಬಿಟ್ಟು ಕಾಡಿನ ಕಡೆ ಹೊರಟರೆ ಡಾಂಬರು ಮುಗಿಯುವಲ್ಲಿ ನಮ್ಮೂರು. ನಾವು ಸಿದ್ದಿಗಳು. ನಮ್ಮ ಹಿಂದಿನವರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ನಾನು ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಸಂಶೋಧನೆ ಮಾಡುವವರು ವರ್ಷ ವರ್ಷ ಬಂದು ನಮಗೇ ತಿಳಿಸಿ ಹೋಗುತ್ತಾರೆ. ನಾನು ಆ ಊರಿನ ಅಂಗನವಾಡಿ ಟೀಚರು, ಹೆಸರು ರೋಜಿ. ಮಿಂಗೇಲಿ ಮೌಶಿ ನನ್ನ ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ಹೋಗುವಾಗ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದವಳು.

ನಮ್ಮ ಮಹಿಳಾ ಸಂಘಕ್ಕೊಂದು ಹೊಸ ಕಟ್ಟಡ ಆಯಿತು. ಮುಂದಿನ ಗೋಡೆಯ ಮೇಲೆ ನಮ್ಮ ಹೆಂಗಸರ ಚಿತ್ರ ಇರಲಿ ಎಂದು ಎಲ್ಲರೂ ಹೇಳಿದರು. ದಾಂಡೇಲಿ ಸುತ್ತಿನ ರೆಸಾರ್ಟುಗಳಿಗೆ ಗೋಡೆ ಚಿತ್ರ ಬರೆಯುವವನೊಬ್ಬನನ್ನು ಕರೆಸಿದೆವು. ಒಳ್ಳೆಯ ಮನುಷ್ಯ, ಚಹಾ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಸಂಜೆಯ ಹೊತ್ತಿಗೆ ಗೋಡೆಯ ತುಂಬ ಜನ ಸೊಪ್ಪು ಉಟ್ಟು, ಈಟಿ ಹಿಡಿದು, ಬೆಂಕಿಯ ಸುತ್ತ ಕುಣಿಯುತ್ತಿದ್ದರು. ಮೈಗೆಲ್ಲ ಡಬ್ಬಿಯಿಂದ ನೇರ ಸುರಿದ ಕಪ್ಪು. ಅದರ ನಡುವೆ ಬಿಳಿ ಹಲ್ಲು.

ಮೌಶಿ ಹತ್ತಿರ ಹೋಗಿ ನೋಡಿದಳು. "ಯಾರಿದು?" ಎಂದು ಕೇಳಿದಳು.

"ನೀವ ರೀ ಅಜ್ಜಿ," ಎಂದ ಅವನು, ಖುಷಿಯಿಂದ.

ಮೌಶಿ ತನ್ನ ಸೀರೆ ನೋಡಿಕೊಂಡಳು, ಗೋಡೆ ನೋಡಿದಳು. "ನಾ ಸೊಪ್ಪ ಉಟ್ಕೊಂಡ್ರ ದನ ಬೆನ್ನ ಹತ್ತತಾವಲ್ಲೋ ತಮ್ಮಾ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅಂಗನವಾಡಿಯ ಮಕ್ಕಳು ದಿನವೂ ಆ ಗೋಡೆಯ ಮುಂದೆ ಹಾದು ಬರಬೇಕು. ಮರುದಿನ ಬೆಳಿಗ್ಗೆ ಸುಣ್ಣದ ಬಕೆಟ್ಟು ಹಿಡಿದು ನಾನೇ ಪೂರ್ತಿ ಬಳಿದುಬಿಟ್ಟೆ. ಸಂಘದ ಅಧ್ಯಕ್ಷೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಬಳದಾಕಿ ನೀನು. ಬರಿಯಾಕಿನೂ ನೀನ. ಇಲ್ಲಂದ್ರ ಮುಂದಿನ ವರ್ಷ ಅವನ್ನ ಮತ್ತ ಕರಸ್ತೇವಿ."

ಬರೆಯುವುದೇನು? ನನಗೆ ಬರುತ್ತಿದ್ದದ್ದು ಗಿಳಿ, ಮಾವಿನಹಣ್ಣು, ಮನೆ. ಮನುಷ್ಯ ಅಂದರೆ ಒಂದು ದುಂಡು, ಕೆಳಗೆ ನಾಲ್ಕು ಕಡ್ಡಿ. ಆದರೆ ಆಸೆ ಹುಟ್ಟಿಬಿಟ್ಟಿತ್ತು. ಆ ಗೋಡೆಯ ಮೇಲೆ ಒಬ್ಬ ಹೆಂಗಸನ್ನು ಬರೆಯಬೇಕು, ಮೌಶಿ ಅದನ್ನು ನೋಡಿ "ಯಾರಿದು?" ಎಂದು ಕೇಳಬಾರದು. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ವಿಮಾನ ಹತ್ತುವ ಜಾಗ

ಬರೆಯಲು ಬಾರದ ನಾನು ಲಿಸ್ಬನ್ನಿಗೆ ಹೋದದ್ದು ಹೊಲಿಯಲು. ನಮ್ಮ ಹೆಂಗಸರು ಹಳೆಯ ಸೀರೆ, ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊದಿಯಲು ಕೌದಿ ಹೊಲಿಯುತ್ತಾರೆ. ಅಲ್ಲಿನ ಒಂದು ಸಣ್ಣ ಮ್ಯೂಸಿಯಂನವರಿಗೆ ನಮ್ಮ ಕೌದಿ ಇಷ್ಟವಾಗಿ, ಇಬ್ಬರು ಬಂದು ಜನರ ಮುಂದೆ ಕೂತು ಹೊಲಿದು ತೋರಿಸಿ ಎಂದು ಕರೆದರು. ಕೈ ಚುರುಕಿದೆ ಎಂದು ಮೌಶಿಯನ್ನು, ಓದು ಬರುತ್ತದೆ ಎಂದು ನನ್ನನ್ನು ಸಂಘದವರು ಆರಿಸಿದರು.

ಚಳಿ ಎಂದು ಹೇಳಿದ್ದರಿಂದ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಇಬ್ಬರಿಗೂ ಸ್ವೆಟರ್ ತಂದೆ. ಮೌಶಿ ಅದನ್ನು ಹಳಿಯಾಳ ಬಸ್ ನಿಲ್ದಾಣದಲ್ಲೇ ತೊಟ್ಟುಕೊಂಡಳು, ಮೇ ತಿಂಗಳ ಬಿಸಿಲಿನಂಥ ಬಿಸಿಲಿನಲ್ಲಿ.

ವಿಮಾನ ಹತ್ತುವ ಕಡೆ, ಎಂದಿನಂತೆ, ನಮ್ಮ ಮುಖ ನೋಡಿದವರೆಲ್ಲ ಇಂಗ್ಲಿಷಿಗೆ ತಿರುಗಿದರು. ಯಾವ ದೇಶ? ಹಳಿಯಾಳ ಎಂದೆ. ಅದು ಯಾವ ದೇಶದಲ್ಲಿ ಬರುತ್ತದೆ ಎಂದು ಒಬ್ಬ ಕೇಳಿದ. ಪಾಸ್‌ಪೋರ್ಟ್ ನೋಡಿದ ಇನ್ನೊಬ್ಬನಿಗೆ ಇನ್ನೂ ಅನುಮಾನ. "ಕನ್ನಡ ಬರುತ್ತಾ?" ಎಂದ.

"ಬರ್ತೈತ್ರಿ," ಎಂದಳು ಮೌಶಿ. "ನಿಮಗ ಎಷ್ಟ ಬೇಕು?"

ಅವನು ನಕ್ಕು ಬಿಟ್ಟುಬಿಟ್ಟ. ಹೊಲಿಯುವ ಸೂಜಿಗಳನ್ನು ದೊಡ್ಡ ಚೀಲಕ್ಕೆ ಹಾಕಿಸಿದ್ದೆ. ಮೌಶಿಯ ಸೆರಗಿನ ತುದಿಯಲ್ಲಿ ಅಕ್ಕಿಯ ಒಂದು ಪುಟ್ಟ ಗಂಟು ಇದ್ದದ್ದು ನನಗೂ ಗೊತ್ತಿರಲಿಲ್ಲ, ಯಂತ್ರಕ್ಕೂ ಗೊತ್ತಾಗಲಿಲ್ಲ. ಅಲ್ಲೇ ಸಿಕ್ಕಿಬಿದ್ದಿದ್ದರೆ ನನ್ನ ಗೋಡೆಯ ಕತೆ ಬೇರೆಯೇ ಆಗುತ್ತಿತ್ತು.

ಲಿಸ್ಬನ್, ಏರು ಬೀದಿ

ಊರು ಅನ್ನುವುದಕ್ಕಿಂತ ಅದನ್ನು ಘಟ್ಟ ಅನ್ನಬಹುದು. ನಮ್ಮ ಕೋಣೆ ಮೇಲೆ, ಮ್ಯೂಸಿಯಂ ಕೆಳಗೆ, ನಡುವೆ ಹಳದಿ ಟ್ರಾಮು. ಅದು ತಿರುವಿನಲ್ಲಿ ಕಿರ್ರೆಂದು ಕೂಗಿ ವಾಲಿದರೆ ಅಣಶಿ ಘಟ್ಟದಲ್ಲಿ ಕಾರವಾರದ ಬಸ್ಸು ವಾಲಿದ ಹಾಗೆಯೇ. ಮೌಶಿ ಅಭ್ಯಾಸದಂತೆ ಶಿಲುಬೆಯ ಗುರುತು ಹಾಕಿಕೊಂಡಳು. ಎದುರಿಗಿದ್ದ ಮುದುಕಿಯೂ ಹಾಕಿಕೊಂಡಳು, ಮುಗಿಯಿತು, ಇಬ್ಬರೂ ಗೆಳತಿಯರಾದರು.

ಅಲ್ಲಿಯ ಜನ ಒಗೆದ ಬಟ್ಟೆಯನ್ನು ಬೀದಿಯ ಮೇಲಕ್ಕೆ, ಕಿಟಕಿಯಿಂದ ಹೊರಗೆ ಒಣಹಾಕುತ್ತಾರೆ. ಒಳಲಂಗ, ಚಡ್ಡಿ ಯಾವುದಕ್ಕೂ ಸಂಕೋಚವಿಲ್ಲ. ಒಣಗಿಸಿದ ಉಪ್ಪುಮೀನಿನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಳ್ಳುವವರೇ ಇಲ್ಲ. ಮೌಶಿಗೆ ಊರು ಹಿಡಿಸಿಬಿಟ್ಟಿತು.

ನನಗೆ ವಿಚಿತ್ರವೆನಿಸಿದ್ದು ಬೇರೆ. ಬೀದಿಯಲ್ಲಿ ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮಂಥದೇ ಕೂದಲು, ನಮ್ಮಂಥದೇ ತುಟಿಯ ಹೆಂಗಸರು ಸೊಪ್ಪಿನ ಚೀಲ ಹಿಡಿದು, ಮಕ್ಕಳನ್ನು ಗದರುತ್ತ ಓಡಾಡುತ್ತಿದ್ದರು. ಹಳಿಯಾಳದ ಸಂತೆಯಲ್ಲಿ ಹೊಸಬರು ಯಾರಿದ್ದರೂ ತಿರುಗಿ ನೋಡುವ ನನ್ನ ಮುಖವನ್ನು ಇಲ್ಲಿ ಯಾರೂ ಕೇಳುವವರಿಲ್ಲ. ಬಸ್ಸಿಗೆ ಕಾಯುವಾಗ ಅಂಥ ಒಬ್ಬ ಹೆಂಗಸು ಮೌಶಿಯ ಹತ್ತಿರ ತನ್ನ ಭಾಷೆಯಲ್ಲಿ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡಳು. ಮೌಶಿ ಕೊಂಕಣಿಯಲ್ಲಿ ಸಮಾಧಾನ ಹೇಳಿದಳು. ಬಸ್ಸು ಬಂತು, ಆಕೆ ಮೌಶಿಯ ಎರಡೂ ಕೆನ್ನೆಗೆ ಮುತ್ತಿಟ್ಟು ಹತ್ತಿಕೊಂಡಳು.

"ಏನಂದ್ಳು?" ಎಂದು ಕೇಳಿದೆ.

"ಏನೋ ಸೊಸಿ ಕಾಟ ಇರಬೇಕು," ಎಂದಳು.

ಒಂದು ಸಂಜೆ ನದಿಯ ದಂಡೆಗೆ ಹೋದೆವು. ನಮ್ಮವರನ್ನು ಗುಲಾಮರಾಗಿ ಗೋವೆಗೆ ತಂದವರ ಹಡಗುಗಳು ಹೊರಡುತ್ತಿದ್ದದ್ದು ಇಲ್ಲಿಂದಲೇ ಎಂದು ಯಾರೋ ಹೇಳಿದರು. ನನಗೆ ಸಿಟ್ಟು ಬಂತು. ನಮ್ಮವರ ಹೆಸರು ಕೂಡ ನಮಗೆ ಉಳಿಯಲಿಲ್ಲ, ಹೋಗಲಿ, ಮುಖ ಹೇಗಿತ್ತು ಎಂದಾದರೂ ಯಾರಾದರೂ ಬರೆದಿಟ್ಟಿದ್ದರೆ! ಮೌಶಿ ತುಸು ಹೊತ್ತು ನೀರು ನೋಡಿ, ಚಳಿ ಆಗುತ್ತದೆ ಹೋಗೋಣ ಎಂದಳು. ನಾನು ಗೋಡೆಯನ್ನೇ ನೆನೆಯುತ್ತ ಘಟ್ಟ ಹತ್ತಿದೆ.

ಮ್ಯೂಸಿಯಂ, ಮೇಲಿನ ಮಹಡಿ

ನಾವು ಕೌದಿ ಹೊಲಿಯುತ್ತ ಕೂರುತ್ತಿದ್ದದ್ದು ಕೆಳಗಿನ ಕೋಣೆಯಲ್ಲಿ, ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬಿಡುವು. ಒಂದು ಬೆಳಿಗ್ಗೆ ಮಹಡಿ ಹತ್ತಿದಾಗ ಅಲ್ಲೊಂದಷ್ಟು ಜನ ಮರದ ಸ್ಟ್ಯಾಂಡುಗಳ ಮೇಲೆ ಕ್ಯಾನ್ವಾಸು ಇಟ್ಟುಕೊಂಡು, ಗೋಡೆಯ ಒಂದೇ ಚಿತ್ರವನ್ನು ನೋಡಿ ಬರೆಯುತ್ತಿದ್ದರು. ಟರ್ಪೆಂಟೈನಿನ ವಾಸನೆ ಮೂಗಿಗೆ ಹೊಡೆಯಿತು. ದಾಂಡೇಲಿಯ ಕಾಗದದ ಕಾರ್ಖಾನೆಯ ಗಾಳಿ ಕುಡಿದು ಓದಿದವಳಿಗೆ ಅದೇನು ದೊಡ್ಡದಲ್ಲ.

ಕಲಿಸುತ್ತಿದ್ದವಳು ಇರೇನ್, ಬೆಳ್ಳಿ ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡ ಹೆಂಗಸು. ಅವಳ ತಾಯಿ ಗೋವೆಯವಳು. ಹಾಗಾಗಿ ಅವಳ ಬಾಯಲ್ಲಿ ಮುರುಕು ಕೊಂಕಣಿ ಇತ್ತು. ನಮ್ಮ ಪಕ್ಕದ ಜೋಯಿಡಾದ ಕೊಂಕಣಿಯವರು ಕೇಳಿದರೆ ನಗುತ್ತಿದ್ದರು, ನನಗೆ ದೇವರು ಕೊಟ್ಟ ಹಾಗಾಯಿತು. ನಮ್ಮಲ್ಲಿ ಮನೆಯೊಳಗೆ ಕೊಂಕಣಿ, ಅಂಗಳಕ್ಕಿಳಿದರೆ ಕನ್ನಡ. ಓದುವವರ ಅನುಕೂಲಕ್ಕೆ ಇಲ್ಲಿ ಎಲ್ಲರ ಮಾತನ್ನೂ ಅಂಗಳಕ್ಕೆ ಇಳಿಸಿದ್ದೇನೆ.

ಬಾಗಿಲಷ್ಟು ಎತ್ತರದ ಚಿತ್ರ ಅದು. ಬಟ್ಟೆ ಒಗೆಯುವ ಹೆಂಗಸೊಬ್ಬಳು ಒದ್ದೆ ಬಟ್ಟೆಯ ಬುಟ್ಟಿಯನ್ನು ನೆಲದಿಂದ ಎತ್ತಿ ತಲೆಗೇರಿಸಿಕೊಳ್ಳುತ್ತಿದ್ದಾಳೆ. ಒಂದು ಮೊಣಕಾಲು ಮಡಿಸಿದೆ, ಸೊಂಟ ಓರೆಯಾಗಿದೆ, ಎರಡೂ ತೋಳು ಮೇಲೆ. ಬಣ್ಣವನ್ನು ಚಪ್ಪಟೆ ಚೂರಿಯಿಂದ, ಗೋಡೆಗೆ ಮಣ್ಣು ಮೆತ್ತುವ ಹಾಗೆ ಮೆತ್ತಿದ್ದಾರೆ. ಮುಖದಲ್ಲಿ ಇದು ಕಣ್ಣು, ಇದು ಮೂಗು ಎಂದು ಬಿಡಿಸಿ ತೋರಿಸುವಂಥದ್ದೇನಿಲ್ಲ. ಒಂದು ಹಸಿರು ಗೀರು, ಒಂದು ನೇರಳೆ, ಹಣೆಯ ಹತ್ತಿರ ಕೆಂಪು. ಬೆರಳುಗಳಂತೂ ಇಲ್ಲವೇ ಇಲ್ಲ. ಆದರೂ ಅದರ ಮುಂದೆ ನಿಂತರೆ ನಮ್ಮ ಸೊಂಟಕ್ಕೆ ಭಾರ ಬೀಳುತ್ತದೆ. ಬರೆದವರ ಹೆಸರನ್ನು ಇರೇನ್ ಎರಡು ಸಲ ಹೇಳಿದಳು, ನನ್ನ ನಾಲಿಗೆ ಹೊರಳಲಿಲ್ಲ.

"ನನಗ ಹಿಂಗ ಬರಿಯಾಕ ಕಲಸ್ತೀರೇನ್ರಿ?" ಎಂದು ಕೇಳಿಯೇಬಿಟ್ಟೆ. ಗೋಡೆಯ ಕತೆಯನ್ನೂ ಹೇಳಿದೆ, ಸೊಪ್ಪಿನ ಸಮೇತ. ಇರೇನ್ ನಗಲಿಲ್ಲ. ಮೂಲೆಯಲ್ಲಿದ್ದ ಒಂದು ಖಾಲಿ ಕ್ಯಾನ್ವಾಸು ತಂದು ಮುಂದಿಟ್ಟಳು. ಅದು ಅಸಲಿಗಿಂತ ಬಹಳ ಚಿಕ್ಕದು. ನಕಲು ಯಾವತ್ತೂ ಅಸಲಿನ ಅಳತೆಯದಾಗಿರಬಾರದು ಎಂಬುದು ಅಲ್ಲಿಯ ನೇಮ. ಬರೆದು ಮುಗಿಸಿದ ಮೇಲೆ ಬೆನ್ನಿಗೆ 'ನಕಲು' ಎಂದು ಠಸ್ಸೆ ಬೇರೆ ಹೊಡೆಯುತ್ತಾರೆ.

ಅದೇ ಮಹಡಿ, ಮೂಲೆಯಿಂದ ಶುರು

ಕೌದಿ ಹೊಲಿಯುವವರು ಮೂಲೆಯಿಂದ ಶುರು ಮಾಡುತ್ತಾರೆ. ಒಂದು ಮೂಲೆ ಹಿಡಿದು, ಅಂಚಿನುದ್ದಕ್ಕೂ ಹೊಲಿಯುತ್ತ, ಸುತ್ತಿ ಸುತ್ತಿ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಹುಟ್ಟಿದಾಗಿನಿಂದ ನನ್ನ ಕೈಗೆ ಗೊತ್ತಿದ್ದ ದಾರಿ ಅದೊಂದೇ. ಪಕ್ಕದವರೆಲ್ಲ ಬರಿಯ ಮೂರು ಗೆರೆ ಎಳೆದು ಬುಟ್ಟಿ ಎತ್ತುವವಳ ಬೆನ್ನು, ಕಾಲು, ತೋಳು ಗುರುತು ಮಾಡಿಕೊಳ್ಳುವಾಗ ನಾನು ಎಡಗಡೆ ಕೆಳಗಿನ ಮೂಲೆಯಿಂದ ಬಣ್ಣ ಮೆತ್ತಲು ಹತ್ತಿದೆ. ನೆಲ, ಕಲ್ಲು, ನೀರಿನ ತೊಟ್ಟಿ, ಹಿಂದಿನ ಗೋಡೆ. ಬಹಳ ಚೆನ್ನಾಗಿ ಬಂತು. ಇರೇನ್ ಹಾದುಹೋಗುವಾಗಲೆಲ್ಲ ಹುಬ್ಬೇರಿಸಿ ಏನೋ ಹೇಳುತ್ತಿದ್ದಳು, ನನ್ನ ಉತ್ಸಾಹ ನೋಡಿ ಮುಂದೆ ಹೋಗುತ್ತಿದ್ದಳು.

ಸುತ್ತಿ ಸುತ್ತಿ ನಡುವಿಗೆ ಬಂದೆ. ನೋಡಿದರೆ ಹೆಂಗಸಿಗೆ ಉಳಿದದ್ದು ಅಂಗೈ ಅಗಲದ ಜಾಗ. ತಲೆ ಹಿಡಿಸಿದರೆ ಕಾಲು ಹಿಡಿಸುವುದಿಲ್ಲ. ಕೌದಿಯಲ್ಲಾದರೆ ತುಂಡು ದೊಡ್ಡದಾದರೆ ಅಂಚು ಮಡಿಚಿ ಒಳಗೆ ತುರುಕಬಹುದು. ನಾನೂ ಅವಳ ಕಾಲನ್ನು ಮಡಿಚಿದೆ, ತೋಳನ್ನು ಮಡಿಚಿದೆ, ಕತ್ತನ್ನೂ ತುಸು ಮಡಿಚಿದೆ. ಸಂತೆಯ ದಿನ ಹಳಿಯಾಳ–ದಾಂಡೇಲಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡವಳ ಹಾಗೆ ಕಾಣತೊಡಗಿದಳು. ಪಕ್ಕದಲ್ಲಿ ಬರೆಯುತ್ತಿದ್ದ ಒಬ್ಬ ಹಿರಿಯ ನೋಡಿ ನಗು ತಡೆಯಲಾರದೆ, ತಪ್ಪಿತಸ್ಥನಂತೆ ನನಗೊಂದು ಪೆಪ್ಪರಮಿಂಟು ಕೊಟ್ಟ.

ಮೌಶಿ ಆಗ ತನ್ನ ಕೌದಿ ಹಿಡಿದು ಮೇಲೆ ಬಂದಳು. ಕ್ಯಾನ್ವಾಸಿನ ಮುಂದೆ ನಿಂತು ತಲೆ ಅತ್ತ ವಾಲಿಸಿದಳು, ಇತ್ತ ವಾಲಿಸಿದಳು.

"ಯಾರಿದು?" ಎಂದಳು.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸೊಪ್ಪು ಉಡಿಸಿದವನಾದರೂ ಒಬ್ಬ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ್ದನಲ್ಲ, ನನಗೆ ಅದೂ ಆಗಲಿಲ್ಲವಲ್ಲ ಎಂದು.

ಹಿಂತಿರುಗಿದಾಗ ಇರೇನ್ ಚೂರಿ ಹಿಡಿದು ಕಾಯುತ್ತಿದ್ದಳು. "ಕೆರದ ಬಿಡು. ಹಸಿ ಐತಿ, ಪೂರಾ ಬರತೈತಿ," ಎಂದಳು. ಇಷ್ಟು ಬಣ್ಣ ಹಾಳಲ್ಲವೇ ಎಂದು ಮೌಶಿಯ ಹೊಟ್ಟೆ ಉರಿಯಿತು. ಬೈಯುತ್ತಲೇ ಕೌದಿಯನ್ನು ಮಡಿಲಿಗೆಳೆದುಕೊಂಡಳು. "ಹೊದ್ಕೊಳ್ಳಾವ್ರು ಎಷ್ಟ ಉದ್ದ ಅದಾರ ಅಂತ ನೋಡದ ಕೌದಿಗೆ ಕೈ ಹಾಕ್ತಾರೇನ? ಮೊದಲ ಮನಷಾರು, ಆಮ್ಯಾಲ ಮೂಲಿ."

ನಾನು ಅದನ್ನು ಇರೇನ್‌ಗೆ ಅರ್ಥವಾಗುವ ಕೊಂಕಣಿಯಲ್ಲಿ ತಿರುಗಿ ಹೇಳಿದೆ. "ನಾ ಇಷ್ಟ ದಿನ ಹೇಳಿದ್ದ ಮತ್ತೇನ?" ಎಂದು ಅವಳು ಹಣೆ ಚಚ್ಚಿಕೊಂಡಳು. ಹೇಳಿದ್ದಳು ಕೂಡ, ನನಗೆ ಚಿತ್ರದ ಮಾತು ತಲೆಗೆ ಹೋಗಿರಲಿಲ್ಲ, ಕೌದಿಯ ಮಾತು ಹೋಯಿತು.

ಎರಡನೆಯ ಸಲ ಇರೇನ್ ನನಗೆ ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಕಲಿಸಿದಳು. ಹಾಗೆ ನೋಡಿದರೆ ಸಣ್ಣಪುಟ್ಟದ್ದೆಲ್ಲ ಕರಗಿ, ಎಲ್ಲಿ ಬೆಳಕು, ಎಲ್ಲಿ ಕತ್ತಲೆ, ಎಲ್ಲಿ ಭಾರ ಎಂಬುದಷ್ಟೇ ಉಳಿಯುತ್ತದೆ. "ಮುಖದ ಚಿಂತಿ ಬಿಡು. ಬುಟ್ಟಿಯ ಭಾರ ಯಾವ ಕಾಲಿಗೆ ಬಂದೈತಿ, ಹೇಳು." ಮಡಿಸಿದ ಕಾಲಿಗಲ್ಲ, ಇನ್ನೊಂದಕ್ಕೆ. ಬುಟ್ಟಿಯಿಂದ ಆ ಹಿಮ್ಮಡಿಗೆ ಒಂದು ಗೆರೆ ಎಳೆದೆ. ಆ ಒಂದು ಗೆರೆಗೆ ಹೆಂಗಸು ನಿಂತುಬಿಟ್ಟಳು. ನಾನು ಬರೆದ ಮನುಷ್ಯ ಜೀವ ನೆಲದ ಮೇಲೆ ಕಾಲೂರಿ ನಿಂತದ್ದು ಅದೇ ಮೊದಲು. ಖುಷಿಗೆ ಅಲ್ಲೇ ಕುಣಿಯುವ ಹಾಗಾಯಿತು, ಸುಳ್ಳೇಕೆ ಹೇಳಲಿ.

ಅದೇ ಮಹಡಿ, ಅಕ್ಕಿ

ಕೊನೆಗೆ ಉಳಿದದ್ದು ಎರಡು ಜಾಗ, ಹೊಟ್ಟೆ ಮತ್ತು ಮುಖ. ಅವತ್ತು ಮೌಶಿಯೂ ನನ್ನ ಪಕ್ಕದ ಬೆಂಚಿನ ಮೇಲೆ ಕೂತು ತನ್ನ ಕೌದಿಯನ್ನು ಮುಗಿಸುತ್ತಿದ್ದಳು. ಸುತ್ತಿ ಬಂದ ಹೊಲಿಗೆ ನಡುವಿನಲ್ಲಿ ಸೇರುವ ಮೊದಲು ಒಂದು ಪುಟ್ಟ ಬಾಯಿ ಉಳಿಯುತ್ತದೆ. ಅದನ್ನು ನಾವು ಕೌದಿಯ ಹೊಟ್ಟೆ ಅನ್ನುತ್ತೇವೆ. ಅದರೊಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಹೊಲಿಯದೆ ಕೌದಿ ಯಾರಿಗೂ ಕೊಡುವಂತಿಲ್ಲ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಮ್ಮ ಮನೆಯ ಮಾತು.

ಮೌಶಿ ಸೆರಗಿನ ಗಂಟು ಬಿಚ್ಚಿದಳು. ತನ್ನ ಕೌದಿಗೆ ಉಣಿಸಿ, ಬಾಯಿ ಹೊಲಿದು, ದಾರ ಹಲ್ಲಿನಿಂದ ಕಡಿದಳು. ಆಮೇಲೆ ನನ್ನ ಕ್ಯಾನ್ವಾಸನ್ನು ನೋಡಿದಳು. "ಇಕಿದೂ ಹೊಟ್ಟಿ ತೆರದೈತಲ್ಲ ರೋಜಿ. ಹಂಗ ಮುಚ್ಚಬ್ಯಾಡವಾ, ಹಸಗೊಂಡ ಬುಟ್ಟಿ ಹೆಂಗ ಎತ್ತತಾಳ?"

ನನಗೂ ಅದು ನ್ಯಾಯವೆನಿಸಿತು. ಅಂಗೈ ಚಾಚಿದೆ. ನಾಲ್ಕು ಕಾಳನ್ನು ಕ್ಯಾನ್ವಾಸಿನ ನಡುವಿಗೆ ಒತ್ತಿ, ಮೇಲೆ ನೀಲಿ ಬಣ್ಣ ದಪ್ಪಗೆ ಮೆತ್ತಿದೆ. ಉಳಿದ ಅಕ್ಕಿಯನ್ನು ಮೌಶಿ ಗಂಟು ಕಟ್ಟಲು ಹೋದಾಗ ಸೆರಗು ಜಾರಿ, ನುಣ್ಣನೆಯ ಮರದ ನೆಲದ ಮೇಲೆ ಕಾಳು ಚಿಟಪಟ ಎಂದು ಹರಡಿತು.

ಬಾಗಿಲ ಹತ್ತಿರ ಸದಾ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ಓಡಿ ಬಂದ. ಅವನು ಏರುದನಿಯಲ್ಲಿ ಹೇಳಿದ್ದನ್ನು ಇರೇನ್ ಮೆಲುದನಿಯಲ್ಲಿ ತಿಳಿಸಿದಳು. ಈ ಮಹಡಿಯಲ್ಲಿ ನೀರು ಕುಡಿಯುವುದಕ್ಕೂ ಅಪ್ಪಣೆ ಇಲ್ಲ. ಕಾಳು ಬಿದ್ದರೆ ಹುಳ, ಇಲಿ ಬರುತ್ತವೆ, ಬಂದರೆ ಹಳೆಯ ಚಿತ್ರಗಳನ್ನು ತಿನ್ನುತ್ತವೆ.

ಮೌಶಿ ಜಗಳಕ್ಕೆ ನಿಲ್ಲುತ್ತಾಳೆಂದು ನಾನು ಹೆದರಿದ್ದೆ. ಅವಳು ತಲೆದೂಗಿದಳು. "ಅಂವಾ ಹೇಳೂದು ಖರೆ ಐತಿ. ನಮ್ಮನ್ಯಾಗ ಇಲಿ ಎರಡ ಕೌದಿ ತಿಂದಾವು."

ಇರೇನ್ ಅದನ್ನು ಅವನಿಗೆ ಹೇಳಿದಳು. ಅವನ ಸಿಟ್ಟು ಅರ್ಧ ಇಳಿಯಿತು. ಆಮೇಲೆ ಕಾವಲುಗಾರ, ಇರೇನ್, ಮೌಶಿ, ನಾನು ನಾಲ್ವರೂ ಮೊಣಕಾಲೂರಿ ಒಂದೊಂದೇ ಕಾಳು ಆರಿಸಿದೆವು. ಆದರೆ ನೇಮ ನೇಮವೇ. ಅಕ್ಕಿ ಸೇರಿದ ಕ್ಯಾನ್ವಾಸು ಇನ್ನು ಆ ಕಟ್ಟಡದೊಳಗೆ ಇರುವಂತಿಲ್ಲ. ಮುಖ ಬರೆಯದ ನನ್ನ ಹೆಂಗಸನ್ನು ಹೊತ್ತು ನಾನು ಮೆಟ್ಟಿಲು ಇಳಿದೆ.

ಹಿತ್ತಿಲ ಅಂಗಳ

ಮ್ಯೂಸಿಯಂನ ಹಿಂದೆ ಒಂದು ಅಂಗಳ, ಅಲ್ಲೊಂದು ಕಿತ್ತಳೆ ಗಿಡ. ಕ್ಯಾನ್ವಾಸನ್ನು ಅದಕ್ಕೆ ಆನಿಸಿ ಕೂತೆ. ಮುಖದ ಹಸಿರು ಗೀರು ಎಡಗಡೆಯಿತ್ತೋ ಬಲಗಡೆಯೋ ಎಂಬುದು ಕೂಡ ನೆನಪಾಗಲಿಲ್ಲ. ಮತ್ತೆ ಮೇಲೆ ಹೋಗಿ ನೋಡಿ ಬಂದು ಬರೆಯುತ್ತೇನೆ ಎಂದು ಎದ್ದೆ.

ಇರೇನ್ ಭುಜ ಹಿಡಿದು ಕೂರಿಸಿದಳು. "ಮ್ಯಾಲಿನಾಕಿ ಮ್ಯಾಲೆ ಇರ್ಲಿ. ಬುಟ್ಟಿ ಎತ್ತಿದಾಕಿ ಇನ್ನೊಬ್ಬಾಕಿ ನಿನಗ ಗೊತ್ತಿಲ್ಲೇನ?"

ಮೌಶಿ ಬಾಗಿಲ ಹೊಸ್ತಿಲ ಮೇಲೆ ಕೂತು ಉಳಿದ ಅಕ್ಕಿಯಲ್ಲಿ ಧೂಳು ಆರಿಸುತ್ತಿದ್ದಳು. 'ನನ್ನಿಂದಾಗಿ ಹೀಗಾಯಿತು' ಎಂಬ ಬೇಸರ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಅಲ್ಲಿದ್ದ ಕಿತ್ತಳೆಯ ಬುಟ್ಟಿಯನ್ನು ಇರೇನ್ ಅವಳ ಕೈಗೆ ಕೊಟ್ಟಳು. ತಲೆಗೇರಿಸು ಎಂದರೆ ಮೌಶಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಣಕಾಲು ಮಡಿಸಿ, ಸೊಂಟ ಓರೆ ಮಾಡಿ ಎತ್ತಿದಳು.

"ಹಂಗ ನಿಂದರು ಮೌಶಿ! ಇಳಸಬ್ಯಾಡ!" ಎಂದು ಕೂಗಿ ಚೂರಿ ಹಿಡಿದೆ.

ಕಣ್ಣು ಅರ್ಧ ಮುಚ್ಚಿದೆ. ನನ್ನನ್ನು ಉಣಿಸಿ ಬೆಳೆಸಿದ ಮುಖ ಅದು, ದಿನವೂ ನೋಡಿದ್ದೆ, ಬಣ್ಣ ಮಾತ್ರ ನೋಡಿರಲಿಲ್ಲ. ಕೆನ್ನೆಯ ಮೂಳೆಯ ಮೇಲೆ ಆಕಾಶದ ನೀಲಿ ಬಿದ್ದಿತ್ತು. ತುಟಿಯ ಕೆಳಗೆ ಮಾಗಿದ ನೇರಳೆ ಹಣ್ಣಿನ ಬಣ್ಣ. ಬಿಸಿಲು ಹಾಯುವಲ್ಲಿ ಕಿವಿ ಕೆಂಪು, ಗಲ್ಲದ ಅಡಿಯಲ್ಲಿ ಗಿಡದ ಎಲೆಯ ಹಸಿರು. ಡಬ್ಬಿಯಿಂದ ಸುರಿಯುವ ಕಪ್ಪು ಎಲ್ಲಿ ಹುಡುಕಿದರೂ ಇರಲಿಲ್ಲ. ಕಪ್ಪಿನ ಟ್ಯೂಬಿನ ಮುಚ್ಚಳವನ್ನೇ ನಾನು ತೆರೆಯಲಿಲ್ಲ. ಕೈ ತಾನಾಗಿ ಓಡಿತು, ಒಂದು ಗೀರು, ಇನ್ನೊಂದು, ಮತ್ತೊಂದು.

"ಎಷ್ಟ ಹೊತ್ತವಾ ಹಿಂಗ? ಸೊಂಟ ಹಿಡಕೊಂಡೈತಿ," ಎಂದು ಮೌಶಿ ಗೊಣಗುತ್ತಲೇ ಇದ್ದಳು.

ಮುಗಿಸಿದೆ. ಅಲ್ಲಿಗೆ ಬಂದ ಠಸ್ಸೆಯ ಅಧಿಕಾರಿ ಚಿತ್ರ ನೋಡಿದ, ಮೇಲೆ ಹೋಗಿ ಅಸಲು ನೋಡಿ ಬಂದ, ತಲೆಯಾಡಿಸಿ ಠಸ್ಸೆಯನ್ನು ಜೇಬಿಗೆ ಹಾಕಿಕೊಂಡ. ಇದು ಅದರ ನಕಲು ಎಂದು ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ. ನಪಾಸಾದೆ ಎಂದುಕೊಂಡು ನನ್ನ ಮುಖ ಸಣ್ಣದಾಯಿತು. ಇರೇನ್ ಮಾತ್ರ ಗಹಗಹಿಸಿ ನಕ್ಕು ನನ್ನನ್ನು ತಬ್ಬಿಕೊಂಡಳು.

ಮೌಶಿ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. "ಹಸಿ ಇದ್ದಾಗ ನೋಡಬಾರದು, ದೃಷ್ಟಿ ಆಕ್ಕೈತಿ. ಊರಿಗ ಹೋದ ಮ್ಯಾಲೆ ನೋಡ್ತೇನಿ." ಅದು ಯಾವ ಊರಿನ ಶಾಸ್ತ್ರವೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಅವಳೇ ಹುಟ್ಟಿಸಿರಬೇಕು.

ಮರಳಿ ಹಳಿಯಾಳ

ಎಣ್ಣೆಯ ಬಣ್ಣ ಒಣಗಲು ಬಹಳ ಕಾಲ ಬೇಕು, ಅದಕ್ಕೆ ಏನೂ ತಾಗಿಸಬೇಡಿ ಎಂದು ಇರೇನ್ ಸಾರಿ ಸಾರಿ ಹೇಳಿದ್ದಳು. ಆದರೆ ಜೋಪಾನವಾಗಿ ಒಯ್ಯಬೇಕಾದ್ದು ಏನೇ ಇದ್ದರೂ, ಕೂಸಾಗಲಿ, ಗಡಿಗೆಯಾಗಲಿ, ಅದನ್ನು ಕೌದಿಯಲ್ಲಿ ಸುತ್ತಬೇಕೆಂದು ನಮ್ಮ ಮನೆಯ ಪದ್ಧತಿ. ಮೌಶಿ ನನಗೆ ತಿಳಿಯದ ಹಾಗೆ ಚಿತ್ರವನ್ನು ತನ್ನ ಕೌದಿಯಲ್ಲೇ ಚೆನ್ನಾಗಿ ಸುತ್ತಿ, ಬಿಗಿದು ಕಟ್ಟಿದ್ದಳು.

ಸಂಘದವರೆಲ್ಲ ಸೇರಿದ ಮೇಲೆ ಬಿಚ್ಚಿದೆವು. ಚರ್ರೆಂದಿತು. ಕೌದಿಯ ಜೊತೆಗೆ ಮುಖ ಕಿತ್ತು ಬಂದಿತ್ತು. ಕ್ಯಾನ್ವಾಸಿನಲ್ಲಿ ಬುಟ್ಟಿ, ತೋಳು, ಕಾಲು, ಅಕ್ಕಿ ತಿಂದ ಹೊಟ್ಟೆ ಎಲ್ಲ ಇದೆ, ಮುಖದ ಜಾಗದಲ್ಲಿ ಬರಿಯ ಮಸುಕು. ಕೌದಿಯ ನಡುವಿನಲ್ಲಿ ನೀಲಿ, ಕೆಂಪು, ನೇರಳೆಯ ಒಂದು ಕಲೆ.

ಮೌಶಿ ನನ್ನ ಕಡೆ ನೋಡಲಾರದೆ ಕೌದಿಯ ಕಲೆಯನ್ನು ಬೆರಳಿನಿಂದ ಸವರುತ್ತಿದ್ದಳು. ನನಗೆ ಅಳು ಬರಬೇಕಿತ್ತು. ಆದರೆ ಎದುರಿಗೇ ಅವಳ ಮುಖ ಇತ್ತು, ಬಾಗಿಲಿಂದ ಬಂದ ಬೆಳಕು ಕೆನ್ನೆಯ ಮೂಳೆಗೆ ತಾಗಿತ್ತು. ನನಗೆ ತಿಳಿಯದೆಯೇ ನನ್ನ ಕಣ್ಣು ಅರ್ಧ ಮುಚ್ಚಿಕೊಂಡಿತು. ಹೋದದ್ದು ಹೋಗಲಿ, ಅಸಲು ನಮ್ಮೂರಲ್ಲೇ ಇದೆಯಲ್ಲ ಎನಿಸಿತು.

ಹಳಿಯಾಳದ ಹಾರ್ಡ್‌ವೇರ್ ಅಂಗಡಿಯಲ್ಲಿ ಕಪ್ಪು ಬಿಟ್ಟು ಉಳಿದ ಬಣ್ಣದ ಡಬ್ಬಿಗಳನ್ನು ತಂದೆ. ಚೂರಿಯ ಬದಲು ಗಾರೆಯವರ ಸಣ್ಣ ಕರಣೆ ಹಿಡಿದೆ. ಮೌಶಿಯನ್ನು ಅತ್ತಿವೇರಿಗೆ ಕೊಟ್ಟ ಅವಳ ಮಗಳ ಮನೆಗೆ, ಕೆರೆಗೆ ಬಂದ ಹಕ್ಕಿಗಳನ್ನು ನೋಡಿಕೊಂಡು ಬಾ ಎಂದು ಕಳಿಸಿಬಿಟ್ಟೆ. ಅವಳು ಎದುರಿಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ, ಮತ್ತು ಈಗ ಅವಳ ಮುಖ ನನಗೆ ಬಾಯಿಪಾಠವಾಗಿತ್ತು.

ಮೊದಲು ಬುಟ್ಟಿಯಿಂದ ಹಿಮ್ಮಡಿಗೆ ಒಂದು ಗೆರೆ. ಗೋಡೆಯ ಎತ್ತರಕ್ಕೂ ಹೆಂಗಸು, ಮೂಲೆಗಳು ಆಮೇಲೆ. ನಡುವಿನ ಜಾಗ ಉಳಿದಾಗ ಸಂಘದ ಹೆಂಗಸರು ತಾವಾಗಿಯೇ ಬಂದರು. ಒಬ್ಬೊಬ್ಬರೂ ಹಸಿ ಬಣ್ಣಕ್ಕೆ ಒಂದೊಂದು ಕಾಳು ಅಕ್ಕಿ ಒತ್ತಿ ಹೋದರು. ಅಂಗನವಾಡಿಯ ಮಕ್ಕಳೂ ಒತ್ತಿದವು. ಹೊಟ್ಟೆಯೇನೋ ದಪ್ಪವೇ ಆಯಿತು. ಇರಲಿ, ಉಂಡವಳು.

ಮೌಶಿ ಬಂದಿಳಿದದ್ದು ಸಂಜೆಯ ಬಸ್ಸಿಗೆ. ಸುದ್ದಿ ಮುಟ್ಟಿ ಊರೆಲ್ಲ ಗೋಡೆಯ ಮುಂದೆ ಸೇರಿತ್ತು. ಅವಳು ಚೀಲ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು ಹತ್ತಿರ ಹೋದಳು. ತಲೆ ಅತ್ತ ವಾಲಿಸಿದಳು, ಇತ್ತ ವಾಲಿಸಿದಳು. ಅವಳ ಬಾಯಿಂದ ಆ ಮೂರಕ್ಷರದ ಪ್ರಶ್ನೆ ಬರುತ್ತದೆಂದು ನಾನು ಕಾದು ನಿಂತಿದ್ದೆ.

ಅವಳು ಅದನ್ನು ಕೇಳಲಿಲ್ಲ. ನಿಂತಲ್ಲೇ ಅವಳ ಕೈ ಮೆಲ್ಲಗೆ ಹಿಂದೆ ಹೋಗಿ ತನ್ನ ಸೊಂಟವನ್ನು ಹಿಡಿದುಕೊಂಡಿತು.

"ರೋಜಿ," ಎಂದಳು. "ಇಕಿ ತಲಿ ಮ್ಯಾಲಿನ ಬುಟ್ಟಿ ಇನ್ನರ ಇಳಸವಾ. ಭಾಳ ಹೊತ್ತಾತು."